ಪೋರ್ಟ್‌ಲ್ಯಾಂಡಿಗೆ ಬರುತ್ತಿರುವ ತಿಪಟೂರಿನ ತಮ್ಮನಿಗೆ

ತಮ್ಮಾ, ಮುಂದಿನ ತಿಂಗಳು ಕೆಲಸಕ್ಕೆ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಬರುತ್ತಿದ್ದೀಯ, ಸಂತೋಷ. ‘ಅಲ್ಲಿ ಅಮಲಿನ ಅಣಬೆಗೆ ಪರ್ಮಿಷನ್ ಇದೆಯಂತೆ, ಅದರಿಂದ ಜನ ಹೇಗಾಗಿದ್ದಾರೆ ಅಣ್ಣ, ನಾವೂ ತಗೋಬಹುದಾ’ ಅಂತ ಕೇಳಿದ್ದೀಯ. ನಾನೂ ತಿಪಟೂರಿನವನೇ. ಇಲ್ಲಿಗೆ ಬಂದು 16 ವರ್ಷ ಆಯಿತು.

ನೀನು ತಗೋಬೇಡ. ಪೋರ್ಟ್‌ಲ್ಯಾಂಡ್ ಇರುವ ಒರೆಗಾನ್ ರಾಜ್ಯದ ಜನ 2020ರಲ್ಲಿ ಮತ ಹಾಕಿ ಸಿಲೋಸೈಬಿನ್‌ಗೆ, ಅಂದರೆ ಆ ಅಣಬೆಯಲ್ಲಿರುವ ಅಮಲಿನ ಅಂಶಕ್ಕೆ, ಒಪ್ಪಿಗೆ ಕೊಟ್ಟಿದ್ದು ನಿಜ. ಆದರೆ ದೇಶದ ಕಾನೂನಿನಲ್ಲಿ ಅದು ಇವತ್ತಿಗೂ ಅಪರಾಧವೇ. ನಿನಗೆ ವೀಸಾ ಕೊಡುವುದು ದೇಶ, ರಾಜ್ಯ ಅಲ್ಲ. ಕೇಸೇ ಆಗಬೇಕು ಅಂತಿಲ್ಲ, ಅಧಿಕಾರಿ ಮುಂದೆ ‘ಒಂದ್ಸಲ ತಗೊಂಡಿದ್ದೆ’ ಅಂದರೂ ತೊಂದರೆ ಆಗಬಹುದು.

ಸುಮ್ನೆ ಅಂಗಡಿಗೆ ಹೋಗಿ ಪೊಟ್ಟಣ ಕಟ್ಟಿಸಿಕೊಂಡು ಬರೋ ವಸ್ತುವೂ ಅಲ್ಲ ಅದು. 21 ತುಂಬಿರಬೇಕು. ಲೈಸೆನ್ಸ್ ಇರುವ ಕೇಂದ್ರದಲ್ಲಿ, ತರಬೇತಿ ಪಡೆದವರ ಕಣ್ಣೆದುರಲ್ಲೇ ತಗೊಂಡು, ಅಮಲು ಇಳಿಯುವವರೆಗೆ ಗಂಟೆಗಟ್ಟಲೆ ಅಲ್ಲೇ ಇರಬೇಕು. ಚಿತ್ತಭ್ರಮೆಗೆ ಚಿಕಿತ್ಸೆ ಪಡೆದವರನ್ನು, ಮನಸ್ಸಿನ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ನುಂಗುತ್ತಿರುವವರನ್ನು ಸೇರಿಸುವುದೇ ಇಲ್ಲ. ಖರ್ಚು ಸಾವಿರ ಡಾಲರ್ ದಾಟುವುದೇ ಜಾಸ್ತಿ. ಇಲ್ಲಿ ಮನೆಯಿಲ್ಲದವರು ಬೀದಿಯಲ್ಲಿ ಹಾಕಿಕೊಂಡಿರೋ ಟೆಂಟುಗಳನ್ನು ನೀನು ವಿಡಿಯೋದಲ್ಲಿ ನೋಡಿದ್ದೀಯಲ್ಲ, ಆ ಕಥೆ ಬೇರೆ, ಅದನ್ನು ಇದಕ್ಕೆ ಸೇರಿಸಬೇಡ.

ನನ್ನ ಕಣ್ಣಿಗೆ ಕಂಡ ಬದಲಾವಣೆ ಒಂದೇ. ಜನ ಮನಸ್ಸಿನ ಕಾಯಿಲೆ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಾರೆ. ಪಕ್ಕದ ಮನೆಯ ಹಿರಿಯರು ಯುದ್ಧಕ್ಕೆ ಹೋಗಿ ಬಂದವರು. ಒಂದು ದಿನ ಬೇಲಿ ಹತ್ತಿರ ನಿಂತು, ‘ಎಷ್ಟೋ ವರ್ಷದಿಂದ ನಿದ್ದೆ ಇಲ್ಲ, ಹೋದ ವಾರ ಆ ಕೇಂದ್ರಕ್ಕೆ ಹೋಗಿ ಬಂದೆ’ ಅಂದರು. ಗುಣ ಆಯಿತಾ ಅಂತ ನಾನು ಕೇಳಲಿಲ್ಲ. ನನಗೆ ನಮ್ಮ ಚಿಕ್ಕಪ್ಪ ನೆನಪಾದರು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು, ಇದ್ದಕ್ಕಿದ್ದಂತೆ ಮಾತೇ ಬಿಟ್ಟರು. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದೆವು. ನೆಂಟರು ಬಂದರೆ ಅವರನ್ನು ಒಳಮನೆಯಲ್ಲಿ ಕೂರಿಸುತ್ತಿದ್ದೆವು. ನಿಮ್ಹಾನ್ಸ್ ಇದ್ದದ್ದು ರೈಲಿನಲ್ಲಿ ಮೂರು ಗಂಟೆ ದೂರದ ಬೆಂಗಳೂರಲ್ಲಿ, ಅಷ್ಟೇ. ಯಾರೂ ಕರೆದುಕೊಂಡು ಹೋಗಲಿಲ್ಲ. ಇವತ್ತಿಗೂ ಸಂಕಟ ಆಗುತ್ತದೆ. ನಮ್ಮೂರಿಗೆ ಆ ಅಣಬೆ ಬರುವುದೇ ಬೇಡ, ಈ ಮಾತು ಬಂದರೆ ಸಾಕು ಅನಿಸುತ್ತದೆ.

ಇಲ್ಲಿ ನವೆಂಬರಿಂದ ಬರೀ ಮಳೆ. ಸಂಜೆ ಐದಕ್ಕೆಲ್ಲ ಕತ್ತಲು. ಮೊದಲ ಚಳಿಗಾಲದಲ್ಲಿ ನಾನೂ ಕುಗ್ಗಿಹೋಗಿದ್ದೆ, ಯಾರಿಗೂ ಹೇಳಲಿಲ್ಲ. ನೀನು ಹಾಗೆ ಮಾಡಬೇಡ. ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಭಾನುವಾರ ನಮ್ಮನೆಯಲ್ಲಿ ಮುದ್ದೆ, ಬಸ್ಸಾರು ಇರುತ್ತದೆ, ಬಾ.