ಉ: ವೆರೋನಾ ಅರೀನಾದ ಹೊರಗೋಡೆ ಬರೀ ನಾಲ್ಕು ಕಮಾನು ಯಾಕೆ?

ಇಟಲಿಯ ವೆರೋನಾ ಊರಲ್ಲಿರೋ ಹಳೇ ರೋಮನ್ ಬಯಲು ರಂಗಮಂದಿರ ವೆರೋನಾ ಅರೀನಾದ ಫೋಟೋಲಿ ಒಂದು ಕಡೆ ಮಾತ್ರ ಎತ್ತರದ ಗೋಡೆ ಇದೆ, ಉಳಿದದ್ದು ಕಟ್ಟಲೇ ಇಲ್ವಾ, ಈಗಲೂ ಶೋ ನಡೆಯುತ್ತಾ ಅಂತ ಕೇಳಿದ್ರಲ್ಲ. ಕಟ್ಟಿದ್ರು, ಸುತ್ತಲೂ ಇತ್ತು. 1117ರ ಭೂಕಂಪದಲ್ಲಿ ಹೊರಸುತ್ತು ಬಹುಪಾಲು ಕುಸೀತು, ಬಿದ್ದ ಕಲ್ಲನ್ನ ಜನ ಬೇರೆ ಕಟ್ಟಡಗಳಿಗೆ ಸಾಗಿಸ್ಕೊಂಡ್ರು, ಮೂರು ಅಂತಸ್ತಿನ ಆ ನಾಲ್ಕು ಕಮಾನಿನ ತುಂಡು ಮಾತ್ರ ನಿಂತ್ಕೊಳ್ತು. ಈಗ ಕಾಣೋ ಎರಡಂತಸ್ತಿನ ಗೋಡೆ ನಿಜವಾಗಿ ಒಳಗಿನ ಸುತ್ತು! ಪಕ್ಕದ ವಾಲ್ಪೊಲಿಚೆಲ್ಲಾ ಕಡೆಯ ಬಿಳಿ, ತಿಳಿಗೆಂಪು ಸುಣ್ಣಕಲ್ಲು, ಹತ್ತಿರ ಹೋದ್ರೆ ಬಣ್ಣ ಚೆನ್ನಾಗಿ ಗೊತ್ತಾಗುತ್ತೆ.

ಕಟ್ಟಿದ್ದು ಒಂದನೇ ಶತಮಾನದಲ್ಲಿ, ಗ್ಲಾಡಿಯೇಟರ್ ಕಾಳಗಕ್ಕೆ, ಆಗ ಸುಮಾರು 30,000 ಜನ ಕೂರ್ತಿದ್ರು. ಆಮೇಲಿನ ಕಥೆ ಎಲ್ಲಾ ಚೆಂದದ್ದೇನಲ್ಲ, 1278ರಲ್ಲಿ ಚರ್ಚ್ ಧರ್ಮವಿರೋಧಿ ಅಂತ ಹೇಳಿದ್ದ ಕ್ಯಾಥರ್ ಅನ್ನೋ ಕ್ರೈಸ್ತ ಪಂಥದ ಸುಮಾರು 200 ಜನರನ್ನ ಇಲ್ಲೇ ಸುಟ್ಟು ಕೊಂದ್ರು, ಟೂರಿಸ್ಟ್‌ಗಳಿಗೆ ಇದನ್ನ ಯಾರೂ ಅಷ್ಟಾಗಿ ಹೇಳಲ್ಲ, ಹೇಳ್ಬೇಕು ಅನ್ಸುತ್ತೆ ನಂಗೆ.

ಶೋ ಖಂಡಿತ ನಡೆಯುತ್ತೆ. 1913ರಲ್ಲಿ ಇಟಲಿಯ ಸಂಗೀತ ಸಂಯೋಜಕ ವೆರ್ಡಿ ಹುಟ್ಟಿ ನೂರು ವರ್ಷ ಆದಾಗ ಅವರ 'ಐದಾ' ಒಪೆರಾ (ಹಾಡಲ್ಲೇ ಸಾಗೋ ನಾಟಕ) ಆಡಿಸಿದ್ರು, ಯುದ್ಧದ ವರ್ಷಗಳಂಥ ಅಡ್ಡಿ ಬಿಟ್ರೆ ಬೇಸಿಗೆ ಒಪೆರಾ ಅಲ್ಲಿಂದ ನಡ್ಕೊಂಡು ಬಂದಿದೆ, ಹೆಸರಾಂತ ಒಪೆರಾ ಗಾಯಕಿ ಮರಿಯಾ ಕ್ಯಾಲಸ್ 1947ರಲ್ಲಿ ಇಟಲಿಯಲ್ಲಿ ಮೊದಲು ಹಾಡಿದ್ದೂ ಇಲ್ಲೇ. ರಾಕ್ ಕನ್ಸರ್ಟ್‌ಗಳೂ ಆಗುತ್ತೆ. ಕಡಿಮೆ ರೇಟಿನ ಟಿಕೆಟ್ ಅಂದ್ರೆ ಮೇಲಿನ ಕಲ್ಲಿನ ಮೆಟ್ಟಿಲು, ಹಗಲೆಲ್ಲ ಬಿಸಿಲುಂಡ ಕಲ್ಲು ರಾತ್ರೀನೂ ಬಿಸಿ ಇರುತ್ತೆ, ಕೂರೋಕೆ ದಪ್ಪ ದಿಂಬು ಒಯ್ಯಿರಿ, ಮಳೆ ಬಂದ್ರೆ ಶೋ ನಿಲ್ಲುತ್ತೆ ಅನ್ನೋದೂ ನೆನಪಿರ್ಲಿ.