ಪ್ರೀಪೇಯ್ಡ್ ಮೀಟರ್‌ಗೆ ಟೋಕನ್ ಹಾಕಿದರೆ ‘ರಿಜೆಕ್ಟ್’ ಅಂತ ಬರುತ್ತಿದೆ, ಯಾಕೆ?

ಜೋಹಾನ್ಸ್‌ಬರ್ಗ್‌ನಲ್ಲಿ ಬಹಳ ಕಾಲ ಬೀಗ ಹಾಕಿದ್ದ ಮನೆಗೆ ಬಾಡಿಗೆಗೆ ಬಂದಿದ್ದೀರಿ, ಹೊಸದಾಗಿ ಕೊಂಡ 20 ಅಂಕಿಯ ಟೋಕನ್ನನ್ನು (ಮುಂಗಡ ಹಣ ಕೊಟ್ಟು ಪಡೆದ ಕರೆಂಟಿನ ಕೋಡ್) ಮೀಟರ್ ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ಇನ್ನೊಂದು ಟೋಕನ್ ಕೊಳ್ಳುವ ಮೊದಲು ರಸೀದಿಯನ್ನು ಪೂರ್ತಿ ನೋಡಿ. ಅದರಲ್ಲಿ ಒಂದಲ್ಲ, ಮೂರು ಸಾಲು 20 ಅಂಕಿಗಳಿವೆಯೇ?

ಇದ್ದರೆ ಕಾರಣ ಬಹುತೇಕ ಅಲ್ಲೇ ಇದೆ. ಅಲ್ಲಿನ ಮೀಟರ್‌ಗಳು ಎಸ್‌ಟಿಎಸ್ (ಪ್ರೀಪೇಯ್ಡ್ ಟೋಕನ್‌ಗಳ ಏಕರೂಪದ ಮಾನದಂಡ) ಪದ್ಧತಿಯವು. ಟೋಕನ್ ಯಾವ ಹೊತ್ತಿನದು ಎಂಬುದನ್ನು ಅವು 1993ರ ಆರಂಭದಿಂದ ನಿಮಿಷಗಳಲ್ಲಿ ಎಣಿಸುತ್ತಿದ್ದವು. ಆ ಎಣಿಕೆಗೆ ಇದ್ದ ಜಾಗ 24 ಬಿಟ್ (ಕಂಪ್ಯೂಟರಿನ 0/1 ಅಂಕಿ) ಮಾತ್ರ. ಅದು 2024ರ ನವೆಂಬರ್ 24ಕ್ಕೆ ತುಂಬಿಹೋಯಿತು. ಎಣಿಕೆ ಹೊಸದಾಗಿ ಶುರುವಾಗಬೇಕು, ಅದಕ್ಕೇ ಮೀಟರ್‌ನ ಒಳಗಿನ ಕೀ (ಟೋಕನ್ ಓದುವ ಗುಪ್ತ ಸಂಖ್ಯೆ) ಬದಲಿಸಲು ಎರಡು ಕೋಡ್ ಕೊಡುತ್ತಾರೆ, ಮೂರನೆಯದೇ ಕರೆಂಟಿನದು. ಮುಚ್ಚಿದ್ದ ಮನೆಯಲ್ಲಿ ಈ ಕೆಲಸ ಯಾರೂ ಮಾಡಿರುವುದಿಲ್ಲ. ಮೊದಲೆರಡನ್ನು ಅದೇ ಕ್ರಮದಲ್ಲಿ, ಒಂದರ ಹಿಂದೆ ಒಂದರಂತೆ ಒತ್ತಿ, ಎರಡೂ ಒಪ್ಪಿಗೆಯಾದ ಮೇಲೆ ಮೂರನೆಯದನ್ನು ಹಾಕಿ. ಮೀಟರ್‌ನಲ್ಲಿ ಉಳಿದ ಯೂನಿಟ್ ಹೋಗುವುದಿಲ್ಲ. ಆದರೆ ಮನೆ ಮಾಲೀಕರ ಬಳಿ ಹಾಕದೇ ಉಳಿದ ಹಳೆಯ ಟೋಕನ್ ಇದ್ದರೆ ಕೀ ಬದಲಿಸುವ ಮುಂಚೆಯೇ ಹಾಕಿನೋಡಿ. ಆಮೇಲೆ ಅದು ನಡೆಯುವುದಿಲ್ಲ.

ಕೀ ಬದಲಾಗಿದೆಯೋ ಇಲ್ಲವೋ ತಿಳಿಯಲು 1844 6744 0738 4377 2416 ಒತ್ತಿ. ಇದು ಪರೀಕ್ಷೆಯ ಕೋಡ್, ದುಡ್ಡಿಲ್ಲ. ಪರದೆಯಲ್ಲಿ ಕೀ ಆವೃತ್ತಿ 1 ಎಂದು ಬಂದರೆ ಹಳೆಯದು, 2 ಎಂದರೆ ಆಗಿದೆ.

2 ಬಂದೂ ‘ರಿಜೆಕ್ಟ್’ ಆದರೆ? ಪ್ರತಿ ಟೋಕನ್ ಒಂದೇ ಮೀಟರ್‌ನ ಕೀಯಿಂದ ಬೀಗ ಹಾಕಿದ್ದು. ಆದ್ದರಿಂದ ಒಂದು ಅಂಕಿ ತಪ್ಪಿದರೂ, ಪಕ್ಕದ ಮನೆಯ ಮೀಟರ್ ಸಂಖ್ಯೆಗೆ ಕೊಂಡಿದ್ದರೂ, ಕೀ ಹಳೆಯದಾದರೂ ಮೀಟರ್‌ಗೆ ಕಾಣುವುದು ಒಂದೇ: ಅರ್ಥವಾಗದ ಅಂಕಿಗಳು. ಈ ಮೂರನ್ನು ಅದು ಬೇರೆ ಮಾಡಿ ಹೇಳಲಾರದು. ರಸೀದಿಯ 11 ಅಂಕಿಯ ಮೀಟರ್ ಸಂಖ್ಯೆಯನ್ನು ಮೀಟರ್ ಮೇಲಿನದರೊಂದಿಗೆ ಹೋಲಿಸಿ, ನಾಲ್ಕು ನಾಲ್ಕು ಅಂಕಿಯಾಗಿ ನಿಧಾನ ಒತ್ತಿ.

‘ಯೂಸ್ಡ್’ ಎಂದರೆ ಆ ಟೋಕನ್ ಆಗಲೇ ಜಮಾ ಆಗಿದೆ, ಬ್ಯಾಲೆನ್ಸ್ ನೋಡಿ. ‘ಓಲ್ಡ್’ ಎಂದರೆ ಮೀಟರ್ ನೆನಪಿಟ್ಟ ಟೋಕನ್‌ಗಳೆಲ್ಲಕ್ಕಿಂತ ಹಳೆಯದು; ಎಷ್ಟು ಸಲ ಒತ್ತಿದರೂ ಹೋಗದು, ಕೊಟ್ಟವರೇ ಬದಲಿಸಬೇಕು. ಬರೀ ‘ಎರರ್’ ಜೊತೆ ಸಂಖ್ಯೆ ಬಂದರೆ ಅಂತರ್ಜಾಲದ ಪಟ್ಟಿ ನಂಬಬೇಡಿ. ಸಂಖ್ಯೆಗಳನ್ನು ಒಂದೊಂದು ಕಂಪನಿ ಒಂದೊಂದು ಥರ ಇಟ್ಟಿದೆ. ನಿಮ್ಮ ಮಾದರಿಯ ಕೈಪಿಡಿಯೇ ಪ್ರಮಾಣ.

ಯೂನಿಟ್ ಇದ್ದೂ ಕರೆಂಟ್ ಹೋದರೆ ಟೋಕನ್ನಿನ ತಪ್ಪಲ್ಲ. 20 ಆಂಪಿಯರ್ ಸಂಪರ್ಕ ಸುಮಾರು 4.6 ಕಿಲೋವ್ಯಾಟ್‌ವರೆಗೆ ಮಾತ್ರ ತಾಳುತ್ತದೆ. ಗೀಸರ್, ಕೆಟಲ್, ಹೀಟರ್ ಒಟ್ಟಿಗೆ ಹಾಕಿದರೆ ಮೀಟರ್ ಕರೆಂಟ್ ಕಡಿದುಹಾಕುತ್ತದೆ. ‘ಟ್ಯಾಂಪರ್’ ಬಂದರೆ ಮಾತ್ರ ಕವಚ ಮುಟ್ಟಲೇಬೇಡಿ, ಅದನ್ನು ತೆಗೆಯುವ ಕೋಡ್ ಕೊಡುವವರು ವಿದ್ಯುತ್ ಸರಬರಾಜಿನವರೇ. ಅವರಿಗೆ ಕರೆ ಮಾಡುವಾಗ ಮೀಟರ್ ಸಂಖ್ಯೆ, ರಸೀದಿ, ಪರದೆಯಲ್ಲಿ ಬಂದ ಪದ ಮತ್ತು ಕೀ ಆವೃತ್ತಿ ಕೈಯಲ್ಲಿರಲಿ.