ಹೋಮ್ ಸ್ಟಡಿಗೆ ಮನೆಯ ವಿಚಾರ ಬರೆಯುವಾಗ

ನಮಸ್ಕಾರ. ಬೆಂಗಳೂರಿನ ಕೆಲಸ ಬಿಟ್ಟು ಪತ್ನಿಯಿರುವ ನ್ಯೂಜೆರ್ಸಿಗೆ ಬಂದು ವರ್ಷವೂ ತುಂಬದ ನೀವು ಭಾರತದಿಂದ ಮಗುವೊಂದನ್ನು ದತ್ತು ಪಡೆಯಲು ಹೊರಟಿದ್ದೀರಿ. ಹೋಮ್ ಸ್ಟಡಿಯಲ್ಲಿ, ಅಂದರೆ ದತ್ತು ಪಡೆಯುವವರ ಮನೆ-ಬದುಕನ್ನು ಸಮಾಜ ಕಾರ್ಯಕರ್ತರು ನೋಡಿ ಸಿದ್ಧಪಡಿಸುವ ವರದಿಯಲ್ಲಿ, ನಿಮ್ಮ ಹಿನ್ನೆಲೆ ಮತ್ತು ಮನೆತನದ ಸಂಪ್ರದಾಯಗಳ ಬಗ್ಗೆ ಏನು ಬರೆಯಬೇಕು, ಇಲ್ಲಿಯ ಬದುಕಿನಲ್ಲಿ ಅವು ಎಷ್ಟು ಉಳಿಯುತ್ತವೆ ಎಂದು ಕೇಳಿದ್ದೀರಿ.

ಕಾಗದಪತ್ರದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ದೇಶ-ದೇಶಗಳ ನಡುವಿನ ದತ್ತಿಗೆ ಸಂಬಂಧಿಸಿದ ಹೇಗ್ ಒಪ್ಪಂದದಡಿ, ದತ್ತು ಪಡೆಯಲು ಅರ್ಹರೆಂಬ ಒಪ್ಪಿಗೆಗಾಗಿ ಅಮೆರಿಕ ಸರ್ಕಾರಕ್ಕೆ ಸಲ್ಲಿಸುವ ಐ-800ಎ ಅರ್ಜಿಯನ್ನು ಅಮೆರಿಕದ ಪೌರರಷ್ಟೇ ಹಾಕಬಹುದಾದ್ದರಿಂದ ಅದು ನಿಮ್ಮ ಪತ್ನಿಯ ಹೆಸರಿನಲ್ಲೇ ಹೋಗಬೇಕು. ಭಾರತದಲ್ಲಿ ದತ್ತಿನ ಉಸ್ತುವಾರಿ ನೋಡುವ ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ 2022ರ ನಿಯಮಗಳಂತೆ ದಂಪತಿಗಳಿಬ್ಬರ ವಯಸ್ಸು ಸೇರಿ 85 ದಾಟಿದ್ದರೆ ಎರಡು ವರ್ಷದೊಳಗಿನ ಮಗುವನ್ನು ಕೊಡುವುದಿಲ್ಲ. ಅನಿವಾಸಿ ಭಾರತೀಯರಿಗೆ ದೇಶದೊಳಗಿನವರಷ್ಟೇ ಆದ್ಯತೆ ಇದೆ, ಆದರೆ ಸರದಿ ಉದ್ದವಾಗಿದೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ನಮ್ಮ ಮಗಳನ್ನು ದತ್ತು ಪಡೆಯುವಾಗ ನಾವು ಹೋಮ್ ಸ್ಟಡಿಯ ಆ ಭಾಗಕ್ಕೆ ದಸರೆಯ ಗೊಂಬೆ, ಗೌರಿಯ ಬಾಗಿನ, ಸಂಗೀತ ಕಲಿತದ್ದು ಎಲ್ಲವನ್ನೂ ಸೇರಿಸಿ, ಪ್ರವಾಸೋದ್ಯಮ ಇಲಾಖೆಯ ಕರಪತ್ರದಂತೆ ನಾಲ್ಕು ಪುಟ ಬರೆದಿದ್ದೆವು. ಮನೆಗೆ ಬಂದ ಸಮಾಜ ಕಾರ್ಯಕರ್ತೆ ಅದನ್ನು ವಿನಯದಿಂದಲೇ ಪಕ್ಕಕ್ಕಿಟ್ಟು, ಚಿಕ್ಕಂದಿನಲ್ಲಿ ತಪ್ಪು ಮಾಡಿದಾಗ ನಿಮ್ಮ ತಂದೆ ಹೊಡೆಯುತ್ತಿದ್ದರೇ, ಮಗುವಿಗೆ ಜ್ವರ ಬಂದ ದಿನ ಯಾರು ಕೆಲಸಕ್ಕೆ ಹೋಗುವುದಿಲ್ಲ, ದತ್ತಿನ ವಿಷಯ ಕೇಳಿ ನಿಮ್ಮ ತಾಯಿ ಏನೆಂದರು ಎಂದು ಒಂದೊಂದಾಗಿ ಕೇಳತೊಡಗಿದರು. ಹೊಡೆಯುತ್ತಿದ್ದರು ಎಂದು ಒಪ್ಪಿಕೊಂಡೆ. ನಾನು ಹೊಡೆಯದೆ ಏನು ಮಾಡುತ್ತೇನೆ ಎಂಬುದರ ಬಗ್ಗೆಯೇ ಅರ್ಧ ಗಂಟೆ ಮಾತು ನಡೆಯಿತು. ತಾಯಿಯ ಮಾತು ಹೇಳಲು ಹಿಂಜರಿದೆ. ‘ಅರ್ಚನೆ ಮಾಡಿಸುವಾಗ ಯಾವ ಗೋತ್ರ ಹೇಳೋದಪ್ಪ?’ ಎಂದು ಅವರು ಕೇಳಿದ್ದರು. ದತ್ತು ಬಂದ ಮಗುವಿಗೆ ದತ್ತು ತಂದೆಯ ಗೋತ್ರವೇ ಎಂದು ತುಮಕೂರಿನ ನಮ್ಮ ಪುರೋಹಿತರು ಹೇಳಿದ ಮೇಲೆಯೇ ಸಮಾಧಾನಗೊಂಡರು. ಕೊನೆಗೆ ಅದನ್ನೂ ಹೇಳಿದೆ, ವರದಿಯಲ್ಲಿ ಸೇರಿತು, ಅದರಿಂದ ಯಾವ ತೊಡಕೂ ಆಗಲಿಲ್ಲ.

ಸಂಪ್ರದಾಯಗಳು ಉಳಿಯುತ್ತವೆ, ಇದ್ದ ಹಾಗೆಯೇ ಅಲ್ಲ. ಹಬ್ಬ ಶನಿವಾರಕ್ಕೆ ಜರುಗುತ್ತದೆ, ಗಣೇಶನನ್ನು ಬಕೆಟ್ಟಿನಲ್ಲಿ ಬಿಡುತ್ತೇವೆ. ಎರಡೂವರೆ ವರ್ಷದ ಮಗಳು ಒಡಿಶಾದಿಂದ ಬಂದಾಗ ನಮ್ಮ ಹುಳಿ, ಸಾರುಗಳನ್ನು ತಿಂಗಳುಗಟ್ಟಲೆ ಮುಟ್ಟಲಿಲ್ಲ. ಹೊಸ ಹೆಸರಿಡಲು ಆರಿಸಿದ್ದ ಮುಹೂರ್ತದ ದಿನ, ಅವಳು ಓಗೊಡುತ್ತಿದ್ದ ಹಳೆಯ ಹೆಸರನ್ನೇ ಅಕ್ಕಿಯ ಮೇಲೆ ಬರೆದೆವು. ದತ್ತಿನ ನಂತರ ಮಗು ಹೇಗಿದೆ ಎಂದು ಎರಡು ವರ್ಷಗಳಲ್ಲಿ ಭಾರತಕ್ಕೆ ಕಳುಹಿಸಬೇಕಾದ ಆರು ವರದಿಗಳಲ್ಲಿ ಇಂಥ ಸಂಗತಿಗಳೇ ಹೆಚ್ಚಾಗಿದ್ದವು.

ನಿಮ್ಮ ತಾಯಿಯವರಿಗೆ ಇನ್ನೂ ತಿಳಿಸಿಲ್ಲ ಎಂದು ಬರೆದಿದ್ದೀರಿ. ಅರ್ಜಿಗೆ ಮೊದಲು ಅವರಿಗೆ ಫೋನ್ ಮಾಡಿ. ಸಮಾಜ ಕಾರ್ಯಕರ್ತೆ ಆ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಬಹುದು.